ಒಂದೇ ಗಡ್ಡೆ, ಎರಡು ವರದಿ: ಯಾವುದನ್ನು ನಂಬಬೇಕು?

ಪ್ರಶ್ನೆ: ಹಾವೇರಿಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ಅಕ್ಕನ ಸ್ತನದ ಗಡ್ಡೆ ತೆಗೆದರು. ಅದನ್ನು ಫಾರ್ಮಲಿನ್ (ಅಂಗಾಂಶ ಕೆಡದಂತೆ ಕಾಯುವ ದ್ರವ) ತುಂಬಿದ ಸಣ್ಣ ಡಬ್ಬಿಯಲ್ಲಿಟ್ಟು ಕೊಟ್ಟರು. ಮರುದಿನ ಬಸ್ಸಿನಲ್ಲಿ ನಾನೇ ಹುಬ್ಬಳ್ಳಿಯ ಲ್ಯಾಬಿಗೆ ಮುಟ್ಟಿಸಿದೆ. ಇಆರ್ (ಕ್ಯಾನ್ಸರ್ ಕೋಶಗಳಲ್ಲಿ ಹುಡುಕುವ ಈಸ್ಟ್ರೋಜನ್ ಹಾರ್ಮೋನಿನ ಗ್ರಾಹಕ ಪ್ರೋಟೀನು) ನೆಗೆಟಿವ್ ಎಂದು ವರದಿ ಬಂತು. ಆದರೆ ಮೊದಲು ಸೂಜಿಯಿಂದ ತೆಗೆದ ತುಣುಕಿನಲ್ಲಿ ಇಆರ್ ಪಾಸಿಟಿವ್ ಇತ್ತು. ಲ್ಯಾಬಿನವರು ತಪ್ಪಿದರೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಸ್ಲೈಡ್ ನೋಡದೆ ತೀರ್ಪು ಕೊಡಲಾರೆ. ಒಂದೇ ಗಡ್ಡೆಯ ಬೇರೆ ಬೇರೆ ಭಾಗಗಳು ಬೇರೆ ಫಲಿತಾಂಶ ಕೊಡುವುದೂ ಉಂಟು. ಆದರೂ ನೀವು ಬರೆದದ್ದನ್ನು ಓದಿದರೆ, ನನ್ನ ಅನುಮಾನ ಲ್ಯಾಬಿಗಿಂತ ಮೊದಲು ಆ ಸಣ್ಣ ಡಬ್ಬಿಯ ಮೇಲೆ ಹೋಗುತ್ತದೆ.

ಫಾರ್ಮಲಿನ್ ಅಂಗಾಂಶದೊಳಗೆ ಇಳಿಯುವುದು ಗಂಟೆಗೆ ಸುಮಾರು ಒಂದು ಮಿಲಿಮೀಟರ್ ಮಾತ್ರ. ಇಡಿಯಾಗಿ ತುರುಕಿದ ದಪ್ಪ ಗಡ್ಡೆಯನ್ನು ಮರುದಿನ ಕತ್ತರಿಸಿದರೆ ಹೊರಗಿನ ಅಂಚು ಬೂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ, ನಡುವಿನ ಭಾಗ ಇನ್ನೂ ಕೆಂಪಗೆ, ಮೆತ್ತಗೆ ಇರುತ್ತದೆ; ನಾವು ಪರೀಕ್ಷಿಸಬೇಕಾದ ಗ್ರಾಹಕ ಪ್ರೋಟೀನು ಅಷ್ಟರಲ್ಲಿ ಅಲ್ಲಿ ಹಾಳಾಗಿರಬಹುದು. ಸೂಜಿಯ ತುಣುಕು ದಾರದಷ್ಟು ತೆಳ್ಳಗಿರುವುದರಿಂದ ಬೇಗ ನೆನೆಯುತ್ತದೆ.

ಆದ್ದರಿಂದಲೇ ಗಡ್ಡೆ ಹೊರಬಂದ ಒಂದು ಗಂಟೆಯೊಳಗೆ ಅದು ಶೇ 10ರ ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ಗೆ ಸೇರಬೇಕು, ದ್ರವ ಗಡ್ಡೆಯ ಹತ್ತು ಪಟ್ಟಾದರೂ ಇರಬೇಕು, 6ರಿಂದ 72 ಗಂಟೆ ನೆನೆಯಬೇಕು. ಲ್ಯಾಬ್ ದೂರವಿದ್ದರೆ ಅಂಚುಗಳನ್ನು ಗುರುತು ಮಾಡಿ, ಪ್ಯಾಥಾಲಜಿಸ್ಟ್ (ಅಂಗಾಂಶ ಪರೀಕ್ಷಿಸುವ ವೈದ್ಯರು) ಹೇಳಿದ ಕಡೆ ಒಂದು ಸೀಳು ಹಾಕಿ ಕಳುಹಿಸುವಂತೆ ಶಸ್ತ್ರವೈದ್ಯರೊಂದಿಗೆ ಮೊದಲೇ ಮಾತಾಡಿಕೊಳ್ಳಬೇಕು. ಗಡ್ಡೆ ತೆಗೆದ ಮತ್ತು ಫಾರ್ಮಲಿನ್‌ಗೆ ಹಾಕಿದ ವೇಳೆಯನ್ನು ಡಬ್ಬಿಯ ಮೇಲೆ ಬರೆಯಲು ಪೆನ್ನು ಸಾಕು. ಆದರೆ ನಮ್ಮ ಬಳಿ ಬರುವ ಎಷ್ಟೋ ಡಬ್ಬಿಗಳ ಮೇಲೆ ಆ ವೇಳೆಯೇ ಇರುವುದಿಲ್ಲ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ಲ್ಯಾಬಿನ ಹೊಣೆಯೂ ಚಿಕ್ಕದಲ್ಲ. ಈ ಪರೀಕ್ಷೆಯಲ್ಲಿ ಇಆರ್ ಇರುವ ಕೋಶ ಕಂದು ಬಣ್ಣಕ್ಕೆ ತಿರುಗುತ್ತದೆ; ಗಡ್ಡೆಯ ಪಕ್ಕದಲ್ಲೇ ಇರುವ ಆರೋಗ್ಯಕರ ಹಾಲಿನ ನಾಳದ ಕೆಲವು ಕೋಶಗಳಾದರೂ ಕಂದು ಬಣ್ಣಕ್ಕೆ ಬರಬೇಕು. ಅವೂ ಬಾರದಿದ್ದರೆ ‘ನೆಗೆಟಿವ್’ ಎಂದು ಬರೆಯದೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಬೇಕು. ಇದೇ ಗಡ್ಡೆಯಲ್ಲಿ ನೋಡುವ ಇನ್ನೊಂದು ಪ್ರೋಟೀನಾದ ಹರ್-2ರ ಪರೀಕ್ಷೆಯಲ್ಲಿ 2+ (ಹೌದೋ ಅಲ್ಲವೋ ಎಂಬ ಅನುಮಾನದ ಮಟ್ಟ) ಬಂದರೆ, ಆ ಪ್ರೋಟೀನಿನ ಜೀನ್ ಎಣಿಸುವ ಫಿಶ್ ಪರೀಕ್ಷೆಯಿಲ್ಲದೆ ನಿರ್ಧಾರವಿಲ್ಲ.

ಇಆರ್ ಶೇ 1ರಷ್ಟು ಕೋಶಗಳಲ್ಲಿ ಕಂಡರೂ ಪಾಸಿಟಿವ್ ಎಂದೇ ಲೆಕ್ಕ, ಆಗ ಈಸ್ಟ್ರೋಜನ್ ಪ್ರಭಾವ ತಡೆಯುವ ಟಾಮಾಕ್ಸಿಫೆನ್‌ನಂಥ ಮಾತ್ರೆಯ ದಾರಿ ತೆರೆಯುತ್ತದೆ. ಅಕ್ಕನವರಿಗೆ ಆ ದಾರಿ ಮುಚ್ಚದಿರಲಿ: ವರದಿಗಳಷ್ಟೇ ಅಲ್ಲ, ಎರಡೂ ಸಲದ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನು ಪಡೆದು ಒಬ್ಬರೇ ಪ್ಯಾಥಾಲಜಿಸ್ಟ್ ಬಳಿ ಜೊತೆಯಾಗಿ ಪರೀಕ್ಷೆ ಮಾಡಿಸಿ, ಆ ಫಲಿತಾಂಶದೊಂದಿಗೆ ಕ್ಯಾನ್ಸರ್ ವೈದ್ಯರನ್ನು ಕಾಣಿರಿ.