ಪಿಎಚ್‌ಡಿಗೆ ಉರಿಯೂತ ತಗೊಳ್ಳಲಾ, ಲಿಂಫೋಮಾ ತಗೊಳ್ಳಲಾ?

ಉರಿಯೂತದ ಮೇಲೆ ಪಿಎಚ್‌ಡಿ ಮಾಡಲಾ, ಲಿಂಫೋಮಾ (ಬಿಳಿ ರಕ್ತಕಣಗಳ ಒಂದು ಕ್ಯಾನ್ಸರ್) ಮೇಲೆ ಮಾಡಲಾ ಅಂತ ಕೇಳಿದ್ದೀರಿ. ನಾನೂ ಇದೇ ಗೊಂದಲ ಹೊತ್ತುಕೊಂಡು ಬೆಂಗಳೂರಿನ ಒಂದು ಲ್ಯಾಬ್ ಸೇರಿದವನು. ಉರಿಯೂತವೇ ಇರಲಿ ಅಂದೆ. ಎಂಟು ತಿಂಗಳು ಮಣ್ಣುಪಾಲಾಯಿತು.

ನನಗೆ ಸಿಕ್ಕಿದ್ದು ಎನ್‌ಎಫ್-ಕಪ್ಪಾ-ಬಿ. 1986ರಲ್ಲಿ ರಂಜನ್ ಸೆನ್ ಮತ್ತು ಡೇವಿಡ್ ಬಾಲ್ಟಿಮೋರ್ ಬಿ ಸೆಲ್‌ಗಳಲ್ಲಿ (ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣಗಳಲ್ಲಿ) ಕಂಡುಹಿಡಿದ ಪ್ರೋಟೀನ್. ಸೋಂಕು ಬಂದಾಗ ನ್ಯೂಕ್ಲಿಯಸ್ಸಿಗೆ ಹೋಗಿ, ಉರಿಯೂತದವೂ ಸೇರಿ ನೂರಾರು ಜೀನ್‌ಗಳನ್ನು ಆನ್ ಮಾಡುತ್ತದೆ. ಉಳಿದ ಹೊತ್ತು ಐ-ಕಪ್ಪಾ-ಬಿ-ಆಲ್ಫಾ ಎನ್ನುವ ಇನ್ನೊಂದು ಪ್ರೋಟೀನ್ ಇದನ್ನು ನ್ಯೂಕ್ಲಿಯಸ್ಸಿನ ಹೊರಗೇ ಕಟ್ಟಿಹಾಕಿರುತ್ತದೆ. ಸೋಂಕಿನ ಸುದ್ದಿ ಬಂದರೆ ಕಟ್ಟಿದವನು ನಾಶ, ಇದು ಒಳಗೆ.

ಸೆಲ್‌ಗಳಿಗೆ ಟಿಎನ್‌ಎಫ್ (ಉರಿಯೂತದ ಸುದ್ದಿ ಮುಟ್ಟಿಸುವ ಪ್ರೋಟೀನ್) ಹಾಕಿ, ಒಂದು ಗಂಟೆ ಬಿಟ್ಟು, ವೆಸ್ಟರ್ನ್ ಬ್ಲಾಟ್ (ಒಂದು ಪ್ರೋಟೀನ್ ಎಷ್ಟಿದೆ ಅಂತ ಬ್ಯಾಂಡ್ ಅಂದರೆ ಪಟ್ಟಿಯಾಗಿ ತೋರಿಸುವ ಪರೀಕ್ಷೆ) ಮಾಡುತ್ತಿದ್ದೆ. ಡಾರ್ಕ್ ರೂಮಿನ ಕೆಂಪು ದೀಪಕ್ಕೆ ಫಿಲ್ಮ್ ಹಿಡಿದರೆ ನಾಶವಾಗಿರಬೇಕಿದ್ದ ಐ-ಕಪ್ಪಾ-ಬಿ-ಆಲ್ಫಾದ ಬ್ಯಾಂಡ್ ದಪ್ಪಗೆ ಹಾಗೇ ಕೂತಿರುತ್ತಿತ್ತು. ಟಿಎನ್‌ಎಫ್ ಹೊಸದು ತರಿಸಿದೆ. ಆಂಟಿಬಾಡಿ ಬದಲಿಸಿದೆ. ಸೆಲ್‌ಗಳನ್ನೂ ಬದಲಿಸಿದೆ. ಆ ಒಂದು ಗಂಟೆಯನ್ನು ಮಾತ್ರ ಮುಟ್ಟಲಿಲ್ಲ. ಊಟ ಮುಗಿಸಿ ಬರೋಕೆ ಸರಿಹೋಗುತ್ತಿತ್ತು, ಅದಕ್ಕೆ!

ಕೊನೆಗೆ ಸೀನಿಯರ್ ಅಕ್ಕ ಒಬ್ಬರು "ಹದಿನೈದು ನಿಮಿಷಕ್ಕೆ ತೆಗೆದು ನೋಡೋ" ಅಂದರು. ಬ್ಯಾಂಡ್ ಮಾಯ. ಅಂದರೆ ಅದು ನಾಶವಾಗಿ, ನಾನು ಊಟ ಮಾಡಿ ಬರುವಷ್ಟರಲ್ಲಿ ಮತ್ತೆ ಹುಟ್ಟಿರುತ್ತಿತ್ತು. ಯಾಕೆಂದರೆ ಎನ್‌ಎಫ್-ಕಪ್ಪಾ-ಬಿ ಒಳಗೆ ಹೋಗಿ ಬೇಗನೆ ಆನ್ ಮಾಡುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿ-ಆಲ್ಫಾದ್ದೂ ಒಂದು. ತನ್ನನ್ನು ಕಟ್ಟುವವನನ್ನು ತಾನೇ ಕರೆಸಿಕೊಳ್ಳುತ್ತದೆ. ನಾನು ನೋಡುತ್ತಿದ್ದುದು ಹಳೇ ಪ್ರೋಟೀನ್ ಅಲ್ಲವೇ ಅಲ್ಲ, ಆಗಷ್ಟೇ ತಯಾರಾದದ್ದು. 0, 5, 15, 30, 60 ನಿಮಿಷ ಅಂತ ತೆಗೆದಿದ್ದರೆ ಮೊದಲ ವಾರವೇ ಗೊತ್ತಾಗುತ್ತಿತ್ತು. ಬ್ಲಾಟ್‌ನ ಜೆಲ್‌ನಲ್ಲಿ ಮೂರು ಲೇನ್ (ಸ್ಯಾಂಪಲ್ ಓಡುವ ಸಾಲು) ಜಾಸ್ತಿ, ಅಷ್ಟೇ.

ಇನ್ನು ನಿಮ್ಮ ಪ್ರಶ್ನೆ. ಅದನ್ನೇ ನಾನು ಒಪ್ಪಲ್ಲ. ಉರಿಯೂತ ಬೇರೆ, ಲಿಂಫೋಮಾ ಬೇರೆ ಅಂತ ಯಾರು ಹೇಳಿದ್ದು? ಎ20 ಅನ್ನುವ ಪ್ರೋಟೀನ್ ನೋಡಿ. ಅದೂ ಎನ್‌ಎಫ್-ಕಪ್ಪಾ-ಬಿ ತಾನೇ ಹಾಕಿಕೊಳ್ಳುವ ಬ್ರೇಕು. ಇಲಿಗಳಲ್ಲಿ ಆ ಜೀನ್ ತೆಗೆದರೆ ಮೈಯೆಲ್ಲ ಉರಿಯೂತ ಬಂದು ಬೇಗ ಸಾಯುತ್ತವೆ. ಬಿ ಸೆಲ್‌ಗಳಿಂದ ಹುಟ್ಟುವ ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾದ ಎಬಿಸಿ ಎನ್ನುವ ಒಂದು ಬಗೆ ಇರುವ ಹಲವರ ಗಡ್ಡೆಯಲ್ಲೂ ಅದೇ ಜೀನ್ ಕೆಟ್ಟಿರುತ್ತದೆ. ಇನ್ನು ಕೆಲವರಲ್ಲಿ ಎಂವೈಡಿ88 (ಸೋಂಕಿನ ಸುದ್ದಿ ಒಳಗೆ ದಾಟಿಸುವ ಪ್ರೋಟೀನ್) ಜೀನ್‌ನ ಒಂದೇ ಒಂದು ಅಕ್ಷರ ಬದಲಾಗಿ, ಸೋಂಕೇ ಇಲ್ಲದೆ ಎನ್‌ಎಫ್-ಕಪ್ಪಾ-ಬಿ ಸ್ವಿಚ್ ಆನ್ ಆಗಿ ಕೂತಿರುತ್ತದೆ.

ಟಾಪಿಕ್ ನೋಡಿ ಲ್ಯಾಬ್ ಸೇರಬೇಡಿ. ಸೇರುವ ಮೊದಲು ಅಲ್ಲಿಯ ಲ್ಯಾಬ್ ಮೀಟಿಂಗಲ್ಲಿ ಒಂದು ಸಲ ಸುಮ್ನೆ ಕೂತು ಬನ್ನಿ. "ಎಷ್ಟು ನಿಮಿಷಕ್ಕೆ ತೆಗೆದೆ?" ಅಂತ ಯಾರಾದರೂ ಕೇಳ್ತಾರಾ ನೋಡಿ. ನಮ್ಮಲ್ಲಿ ಯಾರೂ ಕೇಳುತ್ತಿರಲಿಲ್ಲ.