‘ಬರೀ ಪಿ.ಟಿ. ಮೇಷ್ಟ್ರು’ ಅಂದವರಿಗೆ

ಹಾವೇರಿ ಕಡೆಯ ತಾಯಿಯೊಬ್ಬರು ಬರೆದಿದ್ದಾರೆ: “ಮಗ ಹೈಸ್ಕೂಲಿನಲ್ಲಿ ಖೊಖೊ, ವಾಲಿಬಾಲ್, ಓಟ ಎಲ್ಲದರಲ್ಲೂ ಮುಂದಿದ್ದ. ಈಗ ಬಿ.ಪಿ.ಎಡ್. ಮುಗಿಸಿ ಶಾಲೆಗೆ ಸೇರಿದ್ದಾನೆ. ‘ಅಷ್ಟೆಲ್ಲ ಆಡಿ ಕೊನೆಗೆ ಬರೀ ಪಿ.ಟಿ. ಮೇಷ್ಟ್ರಾದನಾ’ ಅಂತ ನೆಂಟರು ಆಡಿಕೊಳ್ಳುತ್ತಾರೆ. ದೊಡ್ಡ ಆಟಗಾರರು ಯಾರಾದರೂ ಮೇಷ್ಟ್ರಾಗಿದ್ದಾರಾ?”

ಆಗಿದ್ದಾರೆ ಅಮ್ಮಾ. ಎರಿಕ್ ಲಿಡೆಲ್ ಅಂತ. ಅವರ ಕಥೆ ಹೇಳುತ್ತೇನೆ, ನೆಂಟರಿಗೂ ಓದಿ ಹೇಳಿ.

ಹುಟ್ಟಿದ್ದು 1902ರಲ್ಲಿ, ಚೀನಾದ ಟಿಯಾಂಜಿನ್‌ನಲ್ಲಿ. ಅಪ್ಪ ಅಮ್ಮ ಸ್ಕಾಟ್ಲೆಂಡ್‌ನಿಂದ ಹೋದ ಮಿಷನರಿಗಳು. ಓದಿದ್ದು ಲಂಡನ್ನಿನ ಎಲ್ಟಮ್ ಕಾಲೇಜ್ ಎಂಬ ವಸತಿ ಶಾಲೆಯಲ್ಲಿ. ಅಲ್ಲಿ ರಗ್ಬಿಗೂ ಅವರೇ ಕ್ಯಾಪ್ಟನ್, ಕ್ರಿಕೆಟ್ಟಿಗೂ ಅವರೇ. ಓಟ ಬೇರೆ. ಮುಂದೆ ಸ್ಕಾಟ್ಲೆಂಡ್ ಪರವಾಗಿ 7 ರಗ್ಬಿ ಪಂದ್ಯ ಆಡಿದರು. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ಭಾನುವಾರ ಬಿತ್ತು. ಅದು ದೇವರ ದಿನ, ಓಡಲ್ಲ ಅಂದರು. 400 ಮೀಟರ್ ಓಡಿದರು. 47.6 ಸೆಕೆಂಡು, ಚಿನ್ನ.

ಮರುವರ್ಷವೇ ಟಿಯಾಂಜಿನ್‌ಗೆ ವಾಪಸ್. ಅಲ್ಲಿನ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ಹುಡುಗರಿಗೆ ವಿಜ್ಞಾನ ಹೇಳಿಕೊಟ್ಟರು, ಆಟ ಕಲಿಸಿದರು. ಆಗ ವಯಸ್ಸು 23. ಕಾಲಲ್ಲಿ ಇನ್ನೂ ಓಟ ಇತ್ತು. ಬೇರೆ ದಾರಿ ಇಲ್ಲದೆ ಹಿಡಿದ ಕೆಲಸ ಅಲ್ಲ ಅದು, ಅಲ್ವಾ?

ಯುದ್ಧ ಬಂತು. 1943ರಲ್ಲಿ ಜಪಾನೀಯರು ಅವರನ್ನು ವೈಷಿಯನ್ ಶಿಬಿರದಲ್ಲಿ ಕೂಡಿಹಾಕಿದರು. ಅಪ್ಪ ಅಮ್ಮನಿಂದ ದೂರವಾದ ಮಕ್ಕಳು ಅಲ್ಲಿ ತುಂಬಾ ಇದ್ದರು. ಲ್ಯಾಬ್ ಎಲ್ಲಿಂದ ಬರಬೇಕು? ಉಪಕರಣಗಳ ಚಿತ್ರ ಕೈಯಲ್ಲೇ ಬರೆದು ಕೆಮಿಸ್ಟ್ರಿ ಕಲಿಸಿದರು. ಹಾಕಿ ಸ್ಟಿಕ್ ಮುರಿದರೆ ಹಾಸಿಗೆಯ ಬಟ್ಟೆ ಹರಿದು, ಪಟ್ಟಿ ಸುತ್ತಿ ಸರಿಮಾಡುತ್ತಿದ್ದರು. ಒಂದು ಭಾನುವಾರ ಮಕ್ಕಳು ತಾವೇ ಹಾಕಿ ಆಡಲು ಹೋಗಿ, ರೆಫರಿ ಇಲ್ಲದೆ ಕಿತ್ತಾಡಿಕೊಂಡರು. ಒಲಿಂಪಿಕ್ಸ್‌ಗೂ ಭಾನುವಾರ ಬಿಟ್ಟುಕೊಡದ ಮನುಷ್ಯ ಮುಂದಿನ ಭಾನುವಾರ ತಾವೇ ರೆಫರಿಯಾಗಿ ನಿಂತರು. ನನಗಂತೂ ಆ ಚಿನ್ನದ ಪದಕಕ್ಕಿಂತ ಇದೇ ದೊಡ್ಡದು ಅನ್ನಿಸುತ್ತದೆ.

ಕೊನೆಯ ಚಳಿಗಾಲದಲ್ಲಿ ಒಬ್ಬ ಹುಡುಗನ ಶೂ ಪೂರ್ತಿ ಹಾಳಾಗಿತ್ತು. ಲಿಡೆಲ್ ತಮ್ಮ ಓಟದ ಶೂಗಳನ್ನೇ ಅವನಿಗೆ ಕೊಟ್ಟರು. ಹಳೆಯವು, ತೇಪೆ ಹಾಕಿದವು. ಕೆಲವೇ ವಾರಗಳಲ್ಲಿ, 1945ರ ಫೆಬ್ರವರಿ 21ರಂದು, ಮೆದುಳಿನ ಗೆಡ್ಡೆಯಿಂದ ಅದೇ ಶಿಬಿರದಲ್ಲಿ ತೀರಿಕೊಂಡರು. 43 ವರ್ಷ.

ನಿಮ್ಮ ಮಗನಿಗೆ ನಮ್ಮ ನಮಸ್ಕಾರ ತಿಳಿಸಿ. ಅವರ ಶಾಲೆಯ ಖೊಖೊ ತಂಡದ ಫೋಟೊ ಇದ್ದರೆ ಕಳಿಸಿ, ಪತ್ರಿಕೆಯಲ್ಲಿ ಹಾಕುತ್ತೇವೆ.

– ಸಂಪಾದಕ