ಮೂರನೇ ತಿಂಗಳಿಗೇ ಮಗಳು ವಾಪಸ್ ಬರುತ್ತೇನೆ ಅನ್ನುತ್ತಿದ್ದಾಳೆ: ಪ್ರತಿಕ್ರಿಯೆ

ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಬೇರೆ ದೇಶಕ್ಕೆ ಹೋಗಿ, ಅಲ್ಲಿನ ಒಂದು ಮನೆಯವರ ಜೊತೆ ಇದ್ದು ಓದುತ್ತಿರುವ ನಿಮ್ಮ ಮಗಳು ದಿನಾ ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಳುತ್ತಾಳೆ ಅಂದಿರಲ್ಲ, ಬಹುಶಃ ಆ ಕಾಲ್‌ಗಳೇ ಅರ್ಧ ಕಾರಣ. ಹೊಸತನ ಕಳೆದಿದೆ, ಭಾಷೆ ಇನ್ನೂ ಬಾಯಿಗೆ ಕೂತಿಲ್ಲ, ಫೋನ್ ಹಿಡಿದು ಕೋಣೆ ಸೇರೋದೇ ಸುಲಭ. ನನ್ನ ಮಗನೂ ಹೀಗೇ ಹೋಗಿದ್ದಾಗ, ತಾನು ಉಳಿದುಕೊಂಡಿದ್ದ ಮನೆಯವರ ಜೊತೆ ಊಟಕ್ಕೆ ಕೂತು, ಮೇಜಿನ ಕೆಳಗಿಂದ ನಮಗೆ ಮೆಸೇಜ್ ಹಾಕುತ್ತಿದ್ದ!

ಮೊದಲು ಕೇಳಿ: ಅಲ್ಲಿ ಯಾರಿಂದಾದರೂ ಭಯ, ತೊಂದರೆ ಇದೆಯಾ? ಇದ್ದರೆ ಈಗಲೇ ಕಾರ್ಯಕ್ರಮದ ಸ್ಥಳೀಯ ಸಂಯೋಜಕರಿಗೆ ಫೋನ್ ಮಾಡಿ. ಉಳಿದುಕೊಂಡ ಮನೆ ಬದಲಾಯಿಸೋದು ಅಪರೂಪವೇನಲ್ಲ.

ಇಲ್ಲ ಅಂದರೆ, ಅವಳಿಗೆ ಹೇಳಿಯೇ ಕಾಲ್ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿ, ವಾರಕ್ಕೆ ಒಂದಕ್ಕೆ ತನ್ನಿ. ಶಾಲೆಯಲ್ಲಿ ಆಟವೋ ಹಾಡೋ, ಒಂದು ಗುಂಪಿಗೆ ಸೇರಲಿ. ಸಂಜೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚೋಕೆ ನಿಲ್ಲಲಿ, ಮಾತು ಹುಟ್ಟೋದು ಅಲ್ಲೇ. ಎಲ್ಲ ಮಕ್ಕಳಿಗೂ ಇದು ಸಾಕಾಗಲ್ಲ. ಊಟ, ನಿದ್ದೆ ಕೆಟ್ಟಿದ್ದರೆ ಕಾಯಬೇಡಿ, ಸಂಯೋಜಕರ ಮೂಲಕ ಕೌನ್ಸೆಲರ್ ಹತ್ತಿರ ಕಳಿಸಿ.